ಮಸ್ಕಿ ಹಿಡಿಯುವ ರಾಡ್‌ಗೆ ಎಷ್ಟು ದುಡ್ಡು ಹಾಕಬೇಕು?

ನೀವು ಕೇಳಿರುವುದು ಇಷ್ಟು. ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ಗೆ ಬಂದು ಒಂದು ವರ್ಷವಾಗಿದೆ. ಬ್ಯಾಸ್ ಎನ್ನುವ ಮೀನು ಹಿಡಿಯುವ ರಾಡ್, ಅಂದರೆ ಗಾಳದ ಕೋಲು, ಒಂದಿದೆ. ಬರುವ ಬೇಸಿಗೆಯಲ್ಲಿ ಮಸ್ಕಿ ಎನ್ನುವ ದೊಡ್ಡ ಮೀನು ಹಿಡಿಯಬೇಕೆಂಬ ಆಸೆ. ಅಂಗಡಿಗೆ ಹೋದರೆ ಮಸ್ಕಿ ರಾಡ್ 80 ಡಾಲರ್‌ಗೂ ಸಿಗುತ್ತದೆ, 500 ಡಾಲರ್‌ಗೂ ಸಿಗುತ್ತದೆ. ಎಲ್ಲ ಸೇರಿ ನಿಮ್ಮ ಹತ್ತಿರ ಇರುವುದು 650 ಡಾಲರ್. ಅದರಲ್ಲಿ ರಾಡ್‌ಗೆ ಎಷ್ಟು?

ನನ್ನ ಉತ್ತರ 150ರಿಂದ 200 ಡಾಲರ್. ಹೊಸ ರಾಡ್ ಆದರೆ ಅದಕ್ಕಿಂತ ಕೆಳಗೆ ಇಳಿಯಬೇಡಿ. ಮೊದಲ ವರ್ಷ ಅದಕ್ಕಿಂತ ಮೇಲೆ ಹೋಗುವುದೂ ಬೇಡ. ಆದರೆ ರಾಡ್‌ಗಿಂತ ಮೊದಲು ಬಲೆ ಮತ್ತು ಗಾಳ ಕತ್ತರಿಸುವ ಕಟ್ಟರ್ ಕೊಂಡುಕೊಳ್ಳಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಊರಲ್ಲಿ ಕೂತು ಇದನ್ನು ಓದುವವರಿಗೆ ಒಂದು ಮಾತು. ಇದು ಅಶೋಕನ ಶಾಸನ ಸಿಕ್ಕ ರಾಯಚೂರು ಕಡೆಯ ಮಸ್ಕಿ ಅಲ್ಲ. ಮಸ್ಕೆಲಂಜ್ ಎನ್ನುವ ಮೀನನ್ನು ಇಲ್ಲಿನ ಜನ ಮಸ್ಕಿ ಅಂತ ಕರೆಯುತ್ತಾರೆ. ಪೈಕ್ ಕುಲದ ಮೀನುಗಳಲ್ಲೇ ದೊಡ್ಡದು. ಉತ್ತರ ಅಮೆರಿಕದ ಸಿಹಿನೀರಿನ ಮೀನು. 1955ರಿಂದ ವಿಸ್ಕಾನ್ಸಿನ್ ರಾಜ್ಯದ ಅಧಿಕೃತ ಮೀನು ಇದೇ. ಹೇವರ್ಡ್ ಎಂಬ ಊರಿನಲ್ಲಿ ಮೀನುಗಾರಿಕೆಯ ಮ್ಯೂಸಿಯಂ ಒಂದಿದೆ. ಅಲ್ಲಿ ಮಸ್ಕಿಯ ಆಕಾರದಲ್ಲೇ ನಾಲ್ಕು ಅಂತಸ್ತಿಗಿಂತ ಎತ್ತರದ ಕಟ್ಟಡ ಕಟ್ಟಿದ್ದಾರೆ. ಬಾಯಿಯೊಳಗೆ ಹೋಗಿ ನಿಂತು ಊರು ನೋಡಬಹುದು. ಅಷ್ಟು ಪ್ರೀತಿ ಅವರಿಗೆ. 'ಹತ್ತು ಸಾವಿರ ಎಸೆತದ ಮೀನು' ಅಂತ ಇದಕ್ಕೆ ಇನ್ನೊಂದು ಹೆಸರು, ಒಂದು ಸಿಗಬೇಕಾದರೆ ಅಷ್ಟು ಸಲ ಗಾಳ ಎಸೆಯಬೇಕಂತೆ. ಲೆಕ್ಕ ಅಷ್ಟೇ ಆಗದಿದ್ದರೂ, ದಿನಗಟ್ಟಲೆ ಎಸೆದರೂ ಒಂದೂ ಸಿಗದೆ ಮನೆಗೆ ಬರುವುದು ಮಾಮೂಲಿ.

ಈ ಎಸೆತದ ಮಾತಿನಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ. ಬ್ಯಾಸ್‌ಗೆ ನೀವು ಕಟ್ಟುವ ಲ್ಯೂರ್, ಅಂದರೆ ಗಾಳವಿರುವ ನಕಲಿ ಎರೆ, ಅರ್ಧ ಔನ್ಸ್ (ಸುಮಾರು 14 ಗ್ರಾಂ) ಇರಬಹುದು. ಮಸ್ಕಿಗೆ ಕಟ್ಟುವ ದೊಡ್ಡ ಬಕ್‌ಟೇಲ್, ಅಂದರೆ ತಿರುಗುವ ಬ್ಲೇಡ್ ಇರುವ ಕೂದಲಿನ ಲ್ಯೂರ್, ಎರಡು ಮೂರು ಔನ್ಸ್ ತೂಗುತ್ತದೆ. ಬುಲ್‌ಡಾಗ್ ಎನ್ನುವ ರಬ್ಬರ್ ಲ್ಯೂರ್‌ನ ದೊಡ್ಡ ಅಳತೆಯದು ಹತ್ತಿರ ಹತ್ತಿರ ಕಾಲು ಕೆಜಿ. ಅದರಲ್ಲೇ ಪೌಂಡರ್ ಅಂತ ಇನ್ನೊಂದಿದೆ, ಅದು ಅರ್ಧ ಕೆಜಿಗೆ ಸ್ವಲ್ಪ ಕಡಿಮೆ. ನಿಮಿಷಕ್ಕೆ ಒಂದು ಸಲ ಎಸೆದರೂ ಎಂಟು ಗಂಟೆಗೆ 480 ಎಸೆತ. ದಾರದ ತುದಿಗೆ ಕಾಲು ಕೆಜಿ ಬದನೆಕಾಯಿ ಕಟ್ಟಿಕೊಂಡು ದಿನವಿಡೀ ಬೀಸುತ್ತಾ ನಿಲ್ಲುವುದನ್ನು ಯೋಚಿಸಿ. ಆ ಭಾರ ಹೊರುವುದು ಮೊದಲು ರಾಡ್, ಆಮೇಲೆ ನಿಮ್ಮ ಭುಜ.

ನಾನು ಮಿನ್ನೆಸೋಟದಲ್ಲಿ ಒಂಬತ್ತು ವರ್ಷದಿಂದ ಮಸ್ಕಿ ಹಿಂದೆ ಬಿದ್ದಿದ್ದೇನೆ. ಮೊದಲ ವರ್ಷ ನಿಮ್ಮ ಹಾಗೆ ನನ್ನ ಹತ್ತಿರವೂ ಬ್ಯಾಸ್ ರಾಡ್ ಇತ್ತು, ಆರೂವರೆ ಅಡಿಯದು. ಒಂದು ಔನ್ಸ್‌ಗಿಂತ ಜಾಸ್ತಿ ಎಸೆಯಬಾರದು ಅಂತ ಹಿಡಿಯ ಹತ್ತಿರವೇ ಬರೆದಿತ್ತು. ನಾನು ಮೂರು ಔನ್ಸ್‌ನ ಬಕ್‌ಟೇಲ್ ಕಟ್ಟಿದೆ. ಎರಡು ಗಂಟೆ ಏನೂ ಆಗಲಿಲ್ಲ. ಮೂರನೆಯ ಗಂಟೆಯಲ್ಲಿ ಬೀಸುವಾಗ ಹಿಡಿಯ ಮೇಲಿಂದ ರಾಡ್ ಫಟ್ಟನೆ ಮುರಿಯಿತು. ಹಿಂದೆ ಕೂತಿದ್ದ ಗೆಳೆಯನ ಕಿವಿಯ ಪಕ್ಕದಲ್ಲೇ ಲ್ಯೂರ್ ಹಾದುಹೋಯಿತು. ಅದರಲ್ಲಿ ಮೂರು ಮುಳ್ಳಿನ ಗಾಳ ಎರಡಿದ್ದವು. ಒಂದು ಗೇಣು ಆಚೆ ಈಚೆ ಆಗಿದ್ದರೆ ಅವನ ಕಣ್ಣು ಹೋಗುತ್ತಿತ್ತು. ಇವತ್ತಿಗೂ ಅದು ನೆನಪಾದರೆ ಮೈ ಜುಮ್ಮೆನ್ನುತ್ತದೆ. ಹಾಗಾಗಿ ಬ್ಯಾಸ್ ರಾಡ್‌ನಲ್ಲೇ ಒಂದು ಕೈ ನೋಡೋಣ ಅನ್ನುವ ಯೋಚನೆ ಇದ್ದರೆ ದಯವಿಟ್ಟು ಬಿಟ್ಟುಬಿಡಿ.

ಎರಡನೆಯ ವರ್ಷ ಉಲ್ಟಾ ತಪ್ಪು ಮಾಡಿದೆ. ಹೆದರಿಕೆಯಲ್ಲಿ 380 ಡಾಲರ್ ಕೊಟ್ಟು ಒಳ್ಳೆಯ ರಾಡ್ ತಂದೆ. ದುಡ್ಡು ಅಲ್ಲಿಗೇ ಮುಗಿಯಿತು. ಬಲೆ ಮಾತ್ರ ಬ್ಯಾಸ್‌ನದೇ ಹಳೆಯ ಸಣ್ಣ ಬಲೆ. ಜುಲೈ ಕೊನೆಯಲ್ಲಿ ಒಂದು ಸಂಜೆ, ನನ್ನ ಜೀವನದ ಮೊದಲ ಮಸ್ಕಿ ಸಿಕ್ಕಿತು. 44 ಇಂಚು. ಬಲೆಯೊಳಗೆ ಅದರ ತಲೆ ಮಾತ್ರ ಹಿಡಿಸಿತು. ಹಿಂದಿನ ಗಾಳ ಕಿವಿರಿಗೆ ಚುಚ್ಚಿಕೊಂಡಿತ್ತು. ನನ್ನ ಹತ್ತಿರ ಇದ್ದದ್ದು ಸಣ್ಣ ಇಕ್ಕಳ. ಎಳೆದೆ, ತಿರುಗಿಸಿದೆ, ಮತ್ತೆ ಎಳೆದೆ. ಐದಾರು ನಿಮಿಷ ಆಗಿರಬೇಕು. ರಕ್ತ ಬಂತು. ಕೊನೆಗೆ ಗಾಳ ಬಿಡಿಸಿ, ಬಾಲ ಹಿಡಿದು ನೀರಿನಲ್ಲಿ ನಿಲ್ಲಿಸಿಕೊಂಡು ಅರ್ಧ ಗಂಟೆ ಕೂತೆ. ಕೈ ಬಿಟ್ಟಾಗಲೆಲ್ಲ ಅದು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಕತ್ತಲಾಯಿತು. ಅದು ಬದುಕಲಿಲ್ಲ.

ಆ ದಿನ ನನ್ನ ಕೈಯಲ್ಲಿ 380 ಡಾಲರ್‌ನ ರಾಡ್ ಇತ್ತು. 45 ಡಾಲರ್‌ನ ಕಟ್ಟರ್ ಇರಲಿಲ್ಲ. ಕಟ್ಟರ್ ಇದ್ದಿದ್ದರೆ ಗಾಳದ ಮುಳ್ಳನ್ನೇ ಕತ್ತರಿಸಿ ಅರ್ಧ ನಿಮಿಷದಲ್ಲಿ ಬಿಟ್ಟುಬಿಡಬಹುದಿತ್ತು. ಹೆಣ್ಣು ಮಸ್ಕಿ 50 ಇಂಚು ಬೆಳೆಯಲು ಹದಿನೈದು ವರ್ಷವೂ ಹಿಡಿಯಬಹುದು. ಅದಕ್ಕೇ ಇಲ್ಲಿ ಮಸ್ಕಿ ಹಿಡಿಯುವವರು ಹೆಚ್ಚು ಕಡಿಮೆ ಎಲ್ಲರೂ ಹಿಡಿದು ಬಿಟ್ಟುಬಿಡುತ್ತಾರೆ. ಕಾನೂನು ಕೂಡ ಬಿಗಿ. ವಿಸ್ಕಾನ್ಸಿನ್‌ನ ಹೆಚ್ಚಿನ ಕೆರೆಗಳಲ್ಲಿ 40 ಇಂಚಿಗಿಂತ ಚಿಕ್ಕದನ್ನು ಇಟ್ಟುಕೊಳ್ಳುವಂತಿಲ್ಲ. ಮಿನ್ನೆಸೋಟದ ಹೆಚ್ಚಿನ ಕೆರೆಗಳಲ್ಲಿ ಆ ಮಿತಿ 54 ಇಂಚು. ಬಿಡಲೇಬೇಕಾದ ಮೀನನ್ನು ಜೀವಂತ ಬಿಡಲು ಬೇಕಾದ ಸಾಮಾನು ಇಲ್ಲದೆ ದೋಣಿ ಹತ್ತಬಾರದು ಅಂತ ಅವತ್ತೇ ತೀರ್ಮಾನ ಮಾಡಿದೆ.

ಈಗ ನಿಮ್ಮ 650 ಡಾಲರ್‌ಗೆ ಬರೋಣ. ನಾನಾದರೆ ಹೀಗೆ ಹಂಚುತ್ತೇನೆ. ರಬ್ಬರ್ ಲೇಪನದ ದೊಡ್ಡ ಬಲೆಗೆ 120. ಗಾಳ ಕತ್ತರಿಸುವ ಗಟ್ಟಿ ಕಟ್ಟರ್‌ಗೆ 45, ಉದ್ದ ಮೂತಿಯ ಇಕ್ಕಳಕ್ಕೆ 20. ಅಲ್ಲಿಗೆ 185 ಆಯಿತು. ದಾರ ಸುತ್ತುವ ರೀಲ್‌ಗೆ 150. ಆಬು ಗಾರ್ಸಿಯಾದ 6500 ಅಳತೆಯ ದುಂಡು ರೀಲ್ ಸಾಕು, ಎಷ್ಟೋ ಜನ ಅದರಲ್ಲೇ ವರ್ಷಗಟ್ಟಲೆ ಕಳೆದಿದ್ದಾರೆ. 80 ಪೌಂಡ್ ಭಾರ ತಡೆಯುವ ಹೆಣೆದ ದಾರಕ್ಕೆ 35. ದಾರಕ್ಕೂ ಲ್ಯೂರ್‌ಗೂ ನಡುವೆ ಹಾಕುವ, ಹಲ್ಲಿಗೆ ತುಂಡಾಗದ ಲೀಡರ್ ಎರಡಕ್ಕೆ 20. ಮಸ್ಕಿಯ ಹಲ್ಲು ಬ್ಲೇಡಿನ ಹಾಗೆ, ಲೀಡರ್ ಇಲ್ಲದಿದ್ದರೆ ದಾರ ಕತ್ತರಿಸಿಕೊಂಡು ಬಾಯಲ್ಲಿ ಗಾಳದ ಸಮೇತ ಹೋಗುತ್ತದೆ. ಲ್ಯೂರ್ ಮೂರೇ ಮೂರು, ಒಟ್ಟು 75. ಇದೆಲ್ಲ ಸೇರಿದರೆ 465. ಉಳಿಯುವುದು 185. ನಿಮ್ಮ ರಾಡ್‌ನ ದುಡ್ಡು ಅದು. ಅಂಗಡಿಗೆ ಅಂಗಡಿಗೆ ಹತ್ತಿಪ್ಪತ್ತು ಡಾಲರ್ ಹೆಚ್ಚುಕಡಿಮೆ ಆಗುತ್ತದೆ, ಆದರೆ ಹಂಚುವ ಕ್ರಮ ಇದೇ ಇರಲಿ.

ಇಷ್ಟು ದುಡ್ಡಿಗೆ ಒಳ್ಳೆ ರಾಡ್ ಸಿಗುತ್ತಾ? ಖಂಡಿತ ಸಿಗುತ್ತದೆ. ನಿಮ್ಮ ರಾಜ್ಯದ ಪಾರ್ಕ್ ಫಾಲ್ಸ್‌ನಲ್ಲೇ ಸೇಂಟ್ ಕ್ರೋಯ್ ಕಂಪನಿ ಇದೆ. ಅವರ ಮೋಜೊ ಮಸ್ಕಿ ಸಾಲಿನ ರಾಡ್‌ಗಳ ದರ ವಿಚಾರಿಸಿ ನೋಡಿ. ಶಿಮಾನೊ ಕಂಪನಿಯವು, ಬರೀ ಮಸ್ಕಿ ಸಾಮಾನು ಮಾಡುವ ಸಣ್ಣ ಕಂಪನಿಗಳವು ಕೂಡ ಇವೆ. ಒಂದೇ ಹೆಸರಿಗೆ ಅಂಟಿಕೊಳ್ಳಬೇಕಾಗಿಲ್ಲ.

ಹೆಸರಿಗಿಂತ ಅದರ ಮೇಲೆ ಬರೆದಿರುವ ತೂಕ ಮುಖ್ಯ. ಒಂದೇ ರಾಡ್ ಕೊಳ್ಳುವುದಾದರೆ ಹೆವಿ ಎಂದು ಬರೆದಿರುವುದನ್ನು, ಎಂಟು ಔನ್ಸ್‌ವರೆಗೆ ಎಸೆಯಬಹುದಾದದ್ದನ್ನು ಆರಿಸಿಕೊಳ್ಳಿ. ಮೊದಲ ವರ್ಷ ನೀವು ಎಸೆಯುವುದೆಲ್ಲ ಅದರೊಳಗೆ ಬರುತ್ತದೆ. ಪೌಂಡರ್ ಎಸೆಯುವ ಹುಚ್ಚು ಈಗಲೇ ಬೇಡ, ಅದಕ್ಕೆ ಬೇರೆ ರಾಡ್ ಬೇಕು, ಬೇರೆ ಭುಜವೂ ಬೇಕು. ಗಟ್ಟಿ ರಾಡ್ ಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ಮೀನೇ. ರಾಡ್ ಮೆದುವಾದಷ್ಟೂ ಮೀನು ಜಾಸ್ತಿ ಹೊತ್ತು ಎಳೆದಾಡುತ್ತದೆ. ಎಳೆದಾಡಿ ಸುಸ್ತಾದ ಮೀನು ಬಿಟ್ಟ ಮೇಲೂ ಸಾಯಬಹುದು. ಗಟ್ಟಿ ರಾಡ್ ಇದ್ದರೆ ಒಂದೆರಡು ನಿಮಿಷದಲ್ಲಿ ದೋಣಿ ಹತ್ತಿರ ತರಬಹುದು.

ಉದ್ದದ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಎಂಟೂವರೆ ಅಡಿ ಇರಲಿ, ಒಂಬತ್ತಾದರೆ ಇನ್ನೂ ಒಳ್ಳೆಯದು. ಮಸ್ಕಿಗೆ ಒಂದು ಅಭ್ಯಾಸ ಇದೆ. ಲ್ಯೂರ್ ಹಿಂದೆಯೇ ದೋಣಿಯ ತನಕ ಬರುತ್ತದೆ, ಕಚ್ಚುವುದಿಲ್ಲ, ಸುಮ್ನೆ ನೋಡುತ್ತದೆ. ಆಗ ಲ್ಯೂರ್ ಮೇಲೆ ಎತ್ತಬಾರದು. ರಾಡ್‌ನ ತುದಿಯನ್ನು ನೀರಿನೊಳಗೆ ಅದ್ದಿ, ಇಂಗ್ಲಿಷ್‌ನ ಎಂಟರ ಅಂಕಿಯ ಹಾಗೆ ಸುತ್ತಿಸಬೇಕು. ಎಷ್ಟೋ ಮೀನು ಕಚ್ಚುವುದು ಆ ತಿರುವಿನಲ್ಲೇ. ನಾಲ್ಕಡಿ ಉದ್ದದ ಮೀನು ಸಣ್ಣ ತಿರುವಿನಲ್ಲಿ ಮೈ ಬಳುಕಿಸಲಾರದು. ಉದ್ದ ರಾಡ್ ಇದ್ದರೆ ತಿರುವು ಅಗಲವಾಗುತ್ತದೆ, ಮೀನು ಲ್ಯೂರನ್ನು ಬಿಟ್ಟುಹೋಗುವುದಿಲ್ಲ. ಕಾಲ ಬುಡದಲ್ಲೇ ನೀರು ಒಡೆದು ಅದು ಬಾಯಿ ತೆರೆಯುವ ಆ ಒಂದು ಕ್ಷಣ ಇದೆಯಲ್ಲ, ಅದನ್ನು ಒಮ್ಮೆ ನೋಡಿದವರು ಮತ್ತೆ ಬ್ಯಾಸ್ ಕಡೆ ಹೋಗುವುದು ಕಷ್ಟ.

ಅಪಾರ್ಟ್‌ಮೆಂಟ್‌ನಲ್ಲಿದ್ದು ಸಣ್ಣ ಕಾರು ಓಡಿಸುವವರಾದರೆ, ಹಿಡಿಯೊಳಗೆ ಸ್ವಲ್ಪ ಜಾರಿ ಗಿಡ್ಡವಾಗುವ ರಾಡ್ ಕೇಳಿ. ನನ್ನದನ್ನು ಕಾರಿಗೆ ಹಾಕಬೇಕಾದರೆ ಮುಂದಿನ ಸೀಟು ಪೂರ್ತಿ ಮಲಗಿಸಬೇಕು, ಪಕ್ಕದಲ್ಲಿ ಯಾರೂ ಕೂರುವ ಹಾಗಿಲ್ಲ.

ಹಾಗಾದರೆ 400, 500 ಡಾಲರ್ ರಾಡ್‌ನಲ್ಲಿ ಏನಿದೆ? ಮುಖ್ಯವಾಗಿ ಹಗುರ. ಒಳ್ಳೆಯ ಗ್ರಾಫೈಟ್, ತೆಳು ಗೋಡೆಯ ಕೊಳವೆ, ದಾರ ಹಾಯುವ ಹಗುರವಾದ ಉಂಗುರಗಳು. ಲ್ಯೂರ್ ಕಳೆಗೆ ತಾಗಿದ್ದು, ಬ್ಲೇಡ್ ತಿರುಗುವುದು ನಿಂತಿದ್ದು ಕೈಗೆ ಬೇಗ ಗೊತ್ತಾಗುತ್ತದೆ. ವರ್ಷಕ್ಕೆ ನಲವತ್ತು ದಿನ ಎಸೆಯುವವರ ಭುಜಕ್ಕೆ ಆ ವ್ಯತ್ಯಾಸ ದೊಡ್ಡದು, ಅವರು ಕೊಡುವ ದುಡ್ಡು ವ್ಯರ್ಥವಲ್ಲ. ನೀವು ಬರುವ ವರ್ಷ ಆರೇಳು ದಿನ ಹೋಗುತ್ತೀರಿ, ಅಲ್ವಾ? ಅಷ್ಟಕ್ಕೆ 185ರ ರಾಡ್ ಧಾರಾಳವಾಯಿತು. ಜೊತೆಗೆ ಗ್ರಾಫೈಟ್ ಸೂಕ್ಷ್ಮ. ಭಾರದ ಲ್ಯೂರ್ ತೂಗಾಡಿ ಬಡಿದು ಒಂದು ಗೀರು ಬಿದ್ದರೂ, ಮೀನು ಹತ್ತಿರ ಬಂದಾಗ ರಾಡನ್ನು ನೆಟ್ಟಗೆ ಆಕಾಶಕ್ಕೆ ಎತ್ತಿದರೂ ಮುರಿಯಬಹುದು. ಹೊಸಬರು ಇವೆರಡನ್ನೂ ಮಾಡುತ್ತಾರೆ. ಅಭ್ಯಾಸ ಕೈಗೆ ಬರುವ ತನಕ ದುಬಾರಿ ರಾಡ್ ಬೇಡ.

100ಕ್ಕಿಂತ ಕಡಿಮೆಯದು? ಫೈಬರ್ ಗ್ಲಾಸ್‌ನ ದಪ್ಪ ರಾಡ್‌ಗಳು ಆ ದರಕ್ಕೆ ಸಿಗುತ್ತವೆ. ಬೇಗ ಮುರಿಯುವುದಿಲ್ಲ. ಲ್ಯೂರನ್ನು ದೋಣಿಯ ಹಿಂದೆ ಎಳೆದುಕೊಂಡು ಹೋಗುವುದಕ್ಕೆ ಚೆನ್ನಾಗಿರುತ್ತವೆ. ಆದರೆ ಎಸೆಯಲು ಭಾರ, ಮಧ್ಯಾಹ್ನದ ಹೊತ್ತಿಗೆ ಕೈ ಸೋಲುತ್ತದೆ. ಕೈ ಸೋತರೆ ಆ ಎಂಟರ ಸುತ್ತು ಹಾಕುವುದನ್ನು ಬಿಟ್ಟುಬಿಡುತ್ತೀರಿ. ಸಂಜೆ ಬರಬೇಕಾದ ಮೀನು ಅಲ್ಲಿಗೆ ತಪ್ಪಿಹೋಯಿತು.

ನಮ್ಮಪ್ಪ ಒಮ್ಮೆ ಫೋನಿನಲ್ಲಿ ಕೇಳಿದ್ದರು, "ಒಂದು ಕೋಲಿಗೆ ಇಷ್ಟು ದುಡ್ಡಾ ಮಾರಾಯ?" ಅಂತ. ನಮ್ಮದು ತುಂಗಾ ದಂಡೆಯ ಊರು. ಹಿತ್ತಿಲ ಬಿದಿರು ಕಡಿದು, ಎರೆಹುಳ ಚುಚ್ಚಿ ಮೀನು ಹಿಡಿದು ಬೆಳೆದವನು ನಾನು. ಈ ಎಸೆತದ ಲೆಕ್ಕವನ್ನೇ ಅವರಿಗೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಭುಜ ನೋಡಿಕೋ" ಅಂದರು.

ಕೊಳ್ಳುವ ಮುಂಚೆ ಕೈಗೆ ತೆಗೆದುಕೊಂಡು ನೋಡುವ ದಾರಿಯೂ ಇದೆ. ಮಸ್ಕೀಸ್ ಇಂಕ್ ಎನ್ನುವ ಸಂಘ 1966ರಲ್ಲಿ ಮಿನ್ನೆಸೋಟದ ಸೇಂಟ್ ಪಾಲ್‌ನಲ್ಲಿ ಶುರುವಾಯಿತು. ಹಿಡಿದ ಮಸ್ಕಿಯನ್ನು ಬಿಟ್ಟುಬಿಡುವ ರೂಢಿ ಬೆಳೆಸಿದವರಲ್ಲಿ ಅವರು ಮುಖ್ಯರು. ಬೇರೆ ಬೇರೆ ಊರುಗಳಲ್ಲಿ ಅವರ ಶಾಖೆಗಳಿವೆ. ಸಭೆಗೆ ಹೋಗಿ ಹೊಸಬ ಅಂತ ಹೇಳಿ. ನನಗೆ ಅಂತಹ ಒಂದು ಸಭೆಯಲ್ಲಿ ಸಿಕ್ಕ ಹಿರಿಯರೊಬ್ಬರು ತಮ್ಮ ದೋಣಿಗೆ ಕರೆದುಕೊಂಡು ಹೋಗಿ ನಾಲ್ಕು ರಾಡ್ ಕೊಟ್ಟು ಎಸೆಯಲು ಹೇಳಿದರು. ಒಂದು ಮಧ್ಯಾಹ್ನದಲ್ಲಿ ನನಗೇನು ಬೇಕು ಅಂತ ಗೊತ್ತಾಯಿತು. ಚಳಿಗಾಲದಲ್ಲಿ ಮಿಲ್ವಾಕಿ ಕಡೆ ಮಸ್ಕಿ ಮೇಳ ನಡೆಯುತ್ತದೆ, ನಿಮಗೆ ಒಂದೂವರೆ ಗಂಟೆ ದಾರಿ. ಅಲ್ಲಿ ಎಲ್ಲ ಬಗೆಯ ರಾಡನ್ನೂ ಮುಟ್ಟಿ ನೋಡಬಹುದು. ನಿಮ್ಮ ರೀಲನ್ನು ಜೊತೆಗೆ ಒಯ್ಯಿರಿ. ರಾಡ್‌ಗೆ ಹಾಕಿ, ರೀಲ್‌ನ ಮುಂದೆ ಒಂದು ಬೆರಳಿನ ಮೇಲೆ ನಿಲ್ಲಿಸಿ. ತುದಿ ತೀರಾ ಕೆಳಗೆ ಜಗ್ಗಿದರೆ ದಿನವಿಡೀ ಆ ಜಗ್ಗಾಟ ನಿಮ್ಮ ಮಣಿಕಟ್ಟಿನ ಮೇಲೆ.

ಇನ್ನೊಂದು ವಿಷಯ, ರಾಡ್‌ಗೆ ಸಂಬಂಧ ಇಲ್ಲ, ಆದರೂ ಹೇಳಲೇಬೇಕು. ಬೇಸಿಗೆಯಲ್ಲಿ ನೀರು 80 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 27 ಸೆಲ್ಸಿಯಸ್) ಮುಟ್ಟಿದರೆ ಮಸ್ಕಿ ಹಿಡಿಯಲು ಹೋಗಬೇಡಿ. ಬಿಸಿ ನೀರಿನಲ್ಲಿ ಎಷ್ಟು ಹುಷಾರಾಗಿ ಬಿಟ್ಟರೂ ಮೀನು ಚೇತರಿಸಿಕೊಳ್ಳುವುದು ಕಷ್ಟ. ನಿಮ್ಮ ಊರಿನ ಮೊನೋನ, ವಿಂಗ್ರಾ ಕೆರೆಗಳು ಸೆಪ್ಟೆಂಬರ್‌ನಲ್ಲೂ ಅಲ್ಲೇ ಇರುತ್ತವೆ.

ಹಳೆಯ ರಾಡ್ ಸಿಕ್ಕರೆ ಇನ್ನೂ ಒಳ್ಳೆಯದು. 300 ಡಾಲರ್‌ನದು 150ಕ್ಕೆ ಸಿಗಬಹುದು. ಆದರೆ ವಾರಂಟಿ ಸಾಮಾನ್ಯವಾಗಿ ಮೊದಲು ಕೊಂಡವರಿಗೆ ಮಾತ್ರ. ಹಾಗಾಗಿ ನೀವೇ ಪರೀಕ್ಷೆ ಮಾಡಿ ಕೊಳ್ಳಬೇಕು. ಬುಡದಿಂದ ತುದಿಯವರೆಗೆ ಉಗುರು ಆಡಿಸಿ, ಗೀರು ಇದೆಯಾ ನೋಡಿ. ಕಿವಿಗೆ ಹಾಕುವ ಹತ್ತಿ ಕಡ್ಡಿ ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಪ್ರತಿ ಉಂಗುರದೊಳಗೂ ಅದನ್ನು ಒಂದು ಸುತ್ತು ತಿರುಗಿಸಿ. ಎಲ್ಲಾದರೂ ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ, ನಿಮ್ಮ ದಾರ ಕತ್ತರಿಸುವುದು ಅಲ್ಲೇ. ಆ ಉಂಗುರ ಬದಲಾಯಿಸುವ ಖರ್ಚನ್ನು ಕಳೆದು ಬೆಲೆ ಕೇಳಿ. ಗೀರು ಕೊಳವೆಯ ಮೇಲೇ ಇದ್ದರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.