ರವೆ ಚೆಲ್ಲಿದಂತಿರುವ ಆಕಾಶ

ಪ್ರಶ್ನೆ: ನಾನು ರಾಜಾಜಿನಗರದ ಅನಿಮೇಷನ್ ವಿದ್ಯಾರ್ಥಿನಿ. ಬ್ಲೆಂಡರ್ ಎಂಬ 3ಡಿ ಅನಿಮೇಷನ್ ತಂತ್ರಾಂಶದಲ್ಲಿ ಭೂಮಿಯನ್ನು ಸುತ್ತುವ ಉಪಗ್ರಹದ ಕಿರುಚಿತ್ರ ಮಾಡುತ್ತಿದ್ದೇನೆ. ಹಿನ್ನೆಲೆಗೆ, ಅಡ್ಡಾದಿಡ್ಡಿ ವಿನ್ಯಾಸ ಮೂಡಿಸುವ ನಾಯ್ಸ್ ಟೆಕ್ಸ್‌ಚರ್‌ನಿಂದ ನಕ್ಷತ್ರ ಹಾಕಿದರೆ ಕಪ್ಪು ಬಟ್ಟೆಯ ಮೇಲೆ ರವೆ ಚೆಲ್ಲಿದಂತೆ ಕಾಣುತ್ತದೆ. ಕ್ಯಾಮೆರಾ ತಿರುಗಿದಾಗ ಚುಕ್ಕಿಗಳು ಮಿಣುಕುತ್ತವೆ. ಏನು ಮಾಡಲಿ?

ಉತ್ತರ: ರವೆ ಎಂದಿರಲ್ಲ, ತಪ್ಪು ಅಲ್ಲಿಯೇ ಇದೆ. ರವೆಯ ಕಾಳುಗಳೆಲ್ಲ ಹೆಚ್ಚುಕಡಿಮೆ ಒಂದೇ ಗಾತ್ರ. ಬರಿಗಣ್ಣಿಗೆ ಕಾಣಬಲ್ಲ ಸುಮಾರು 9,000 ನಕ್ಷತ್ರಗಳಲ್ಲಾದರೋ ಕಣ್ಣು ಸೆಳೆಯುವಷ್ಟು ಪ್ರಖರವಾದವು ಇಪ್ಪತ್ತು ಚಿಲ್ಲರೆ ಮಾತ್ರ. ನಕ್ಷತ್ರದ ಹೊಳಪನ್ನು ಅಳೆಯುವ ಕಾಂತಿಮಾನದಲ್ಲಿ ಐದು ಮೆಟ್ಟಿಲು ಇಳಿದರೆ ಬೆಳಕು ನೂರನೆಯ ಒಂದು ಪಾಲಾಗುತ್ತದೆ. ಒಂದೊಂದು ಮೆಟ್ಟಿಲಿಗೂ ನಕ್ಷತ್ರಗಳ ಸಂಖ್ಯೆ ಸುಮಾರು ಮೂರು ಪಟ್ಟು ಬೆಳೆಯುತ್ತದೆ. ಬೆಂಗಳೂರಿನ ದೀಪಗಳ ನಡುವೆ ಇದು ಕಾಣಸಿಗುವುದಿಲ್ಲ. ಒಂದು ಅಮಾವಾಸ್ಯೆಯ ರಾತ್ರಿ ಊರಾಚೆ ಹೋಗಿ ದಯವಿಟ್ಟು ನೋಡಿ ಬನ್ನಿ.

ಈ ಏರುಪೇರನ್ನು ಕೈಯಿಂದ ಹೊಂದಿಸುವುದಕ್ಕಿಂತ ನಿಜವಾದ ಆಕಾಶವನ್ನೇ ತರುವುದು ಮೇಲು. ನಾಸಾದ ‘ಡೀಪ್ ಸ್ಟಾರ್ ಮ್ಯಾಪ್ಸ್ 2020’ ಉಚಿತವಾಗಿ ಸಿಗುತ್ತದೆ. ಗಯಾ, ಹಿಪಾರ್ಕಸ್, ಟೈಕೋ ಪಟ್ಟಿಗಳ ಸುಮಾರು 170 ಕೋಟಿ ನಕ್ಷತ್ರಗಳಿಂದ ಕಟ್ಟಿದ ನಕ್ಷೆ ಅದು. ಅದರ ಇಎಕ್ಸ್‌ಆರ್ ಕಡತವನ್ನು (ಹೊಳಪಿನ ಏರಿಳಿತವನ್ನು ಹಿಡಿದಿಡುವ ಚಿತ್ರಮಾದರಿ) ದೃಶ್ಯದ ಸುತ್ತ ಹೊದಿಸುವ ಎನ್ವಿರಾನ್‌ಮೆಂಟ್ ಟೆಕ್ಸ್‌ಚರ್ ಆಗಿ ಜೋಡಿಸಿ. ಆರ್ದ್ರಾ ನಕ್ಷತ್ರದ ಕೆಂಪು, ಲುಬ್ಧಕದ (ಸಿರಿಯಸ್) ನೀಲಿ ಬೆರೆತ ಬಿಳುಪು ತಾವಾಗಿಯೇ ಬರುತ್ತವೆ. ಆದರೆ 8ಕೆ ನಕ್ಷೆ ಸಾಲದು. 50 ಮಿ.ಮೀ. ಲೆನ್ಸ್‌ನ ನೋಟ ಸುಮಾರು 40 ಡಿಗ್ರಿ. 1920 ಪಿಕ್ಸೆಲ್ ಅಗಲದ ಚಿತ್ರಕ್ಕೆ ಡಿಗ್ರಿಗೆ 48 ಪಿಕ್ಸೆಲ್ ಬೇಕು. 8ಕೆಯ 8,192 ಪಿಕ್ಸೆಲ್ ಅಗಲವನ್ನು ಇಡೀ 360 ಡಿಗ್ರಿಗೆ ಹಂಚಿದರೆ ಸಿಗುವುದು 23. ಚುಕ್ಕಿ ಹತ್ತಿಯಂತೆ ಅರಳಿಬಿಡುತ್ತದೆ. 16ಕೆ ಬಳಸಿ.

ಇನ್ನು ಮಿಣುಕು. ಪಿಕ್ಸೆಲ್‌ಗಿಂತ ಸಣ್ಣ ಚುಕ್ಕಿ ಒಂದು ಫ್ರೇಮಿನಲ್ಲಿ ಸಿಕ್ಕಿ ಮುಂದಿನದರಲ್ಲಿ ತಪ್ಪಿಹೋಗುತ್ತದೆ, ಅಷ್ಟೇ. ಬ್ಲೆಂಡರ್‌ನ ರೆಂಡರ್ ಎಂಜಿನ್ ಸೈಕಲ್ಸ್‌ನ ಪಿಕ್ಸೆಲ್ ಫಿಲ್ಟರನ್ನು 1.5ರಿಂದ 2ಕ್ಕೆ ಏರಿಸಿ, ಸ್ಯಾಂಪಲ್ ಹೆಚ್ಚಿಸಿ. ಹಿನ್ನೆಲೆಯನ್ನು ಬೇರೆ ಪದರವಾಗಿ ರೆಂಡರ್ ಮಾಡಿ, ಅದಕ್ಕೆ, ಚಿತ್ರದ ಕಾಳುಕಾಳನ್ನು ಅಳಿಸುವ ಡಿನಾಯ್ಸರ್ ಹಾಕಬೇಡಿ. ಮಂದ ನಕ್ಷತ್ರಗಳನ್ನು ಅದು ಕಸವೆಂದು ಒರೆಸಿಬಿಡುತ್ತದೆ.

ನೀವು ಕೇಳದಿದ್ದರೂ ಇನ್ನೊಂದನ್ನು ಹೇಳಲೇಬೇಕು. ಉಪಗ್ರಹದ ಮೇಲೆ ಬಿಸಿಲಿರುವಾಗ ನಕ್ಷತ್ರ ತೋರಿಸಬೇಡಿ. ಅಪೊಲೊ ಗಗನಯಾತ್ರಿಗಳು ಚಂದ್ರನ ಮೇಲೆ ಹಗಲಲ್ಲಿ ತೆಗೆದ ಚಿತ್ರಗಳಲ್ಲಿ ಆಕಾಶ ಬರೀ ಕಪ್ಪು: ಬೆಳಗಿದ ನೆಲಕ್ಕೆ ಹೊಂದಿಸಿದ ಕ್ಯಾಮೆರಾಕ್ಕೆ ನಕ್ಷತ್ರದ ಬೆಳಕು ಎಟುಕುವುದಿಲ್ಲ. ಉಪಗ್ರಹ ಭೂಮಿಯ ನೆರಳಿಗೆ ಜಾರಲಿ. ಆಮೇಲೆ ಎಕ್ಸ್‌ಪೋಷರ್ ನಿಧಾನವಾಗಿ ಏರಿಸಿ. ಮೊದಲು ಲುಬ್ಧಕವೊಂದೇ ಮೂಡಲಿ, ಬಳಿಕ ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ನಡುಕಟ್ಟಿನ ಮೂರು, ಕೊನೆಗೆ ಅವುಗಳ ಹಿಂದೆ ಆಕಾಶಗಂಗೆಯ ಮಬ್ಬು.