ಒಂದು ಕೈ ಸಾಕು, ಆದರೆ ಲಗಾಮನ್ನು ಸೊಂಟಕ್ಕೆ ಕಟ್ಟಬೇಡಿ

ಈ ತಿಂಗಳೂ ಅದೇ ಪ್ರಶ್ನೆ. ಊರು ಬೇರೆ, ವಯಸ್ಸು ಬೇರೆ, ಪ್ರಶ್ನೆ ಮಾತ್ರ ಒಂದೇ: "ಒಂದೇ ಕೈ ಕೆಲಸ ಮಾಡುತ್ತದೆ, ಕುದುರೆ ಸವಾರಿ ಕಲಿಯಬಹುದಾ?" ಕಲಿಯಬಹುದು ಅಂತ ಎಷ್ಟು ಸಲ ಬರೆದರೂ ಮತ್ತೆ ಬರುತ್ತದೆ. ಈ ಸಲ ಒಂದು ಪತ್ರಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ. ಅದರ ಕೊನೆಯ ಸಾಲು ಓದಿ ನನಗೆ ತಲೆ ಕೆಟ್ಟುಹೋಯಿತು. ಹೆಲ್ಮೆಟ್, ಹಿಮ್ಮಡಿಯಿರುವ ಬೂಟು, ಇವನ್ನೆಲ್ಲ ಮತ್ತೆ ಹೇಳುವುದಿಲ್ಲ. ಅಷ್ಟೂ ಇಲ್ಲದವರು ಕುದುರೆ ಹತ್ತಿರ ಹೋಗಲೇಬೇಡಿ.

ಪ್ರಶ್ನೆ: ನನಗೆ 27 ವರ್ಷ. ಎರಡು ವರ್ಷದ ಹಿಂದೆ ಬೈಕ್ ಅಪಘಾತದಲ್ಲಿ ಬಲಗೈ ನರಗಳಿಗೆ ಪೆಟ್ಟಾಯಿತು. ಕೈ ಇದೆ, ಆದರೆ ಜೋತುಬಿದ್ದಿದೆ. ಇನ್ನು ಹೆಚ್ಚು ಸುಧಾರಿಸುವುದಿಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ಎಡಗೈ ಚೆನ್ನಾಗಿದೆ. ಸವಾರಿ ಕಲಿಯಬೇಕು ಅಂತ ತುಂಬಾ ಆಸೆ. ಇಲ್ಲೊಬ್ಬ ತರಬೇತುದಾರರು 'ಲಗಾಮನ್ನು ಬೆಲ್ಟಿಗೆ ಕಟ್ಟಿಕೊಂಡರೆ ಆಯ್ತು' ಅಂದರು. ಸರಿಯಾ ಸರ್?

ಸರಿಯಲ್ಲ. ಆ ಮಾತು ಹೇಳಿದವರ ಹತ್ತಿರ ಮತ್ತೆ ಹೋಗಬೇಡಿ.

ಹೀಗೆ ಬೆಲ್ಟಿಗೆ ಲಗಾಮು ಕಟ್ಟಿಕೊಂಡು ಕೂತ ಒಬ್ಬರನ್ನು ನಾನೇ ನೋಡಿದ್ದೇನೆ. ಕುದುರೆ ಓಡಲೂ ಇಲ್ಲ, ಬೆದರಲೂ ಇಲ್ಲ. ನಿಂತಲ್ಲೇ ಹುಲ್ಲಿಗೆ ಅಂತ ತಲೆ ಬಗ್ಗಿಸಿತು, ಅಷ್ಟೇ. ಸವಾರರು ಅದರ ಕುತ್ತಿಗೆ ಮೇಲಿಂದ ಜಾರಿ ಮುಂದೆ ಬಿದ್ದರು. ಹೊಟ್ಟೆ ಮೇಲೆ ಬಕಲ್ ಗುರುತು ವಾರ ಕಳೆದರೂ ಹೋಗಿರಲಿಲ್ಲ. ಕುದುರೆ ಹೆದರಿ ಓಡಿದ್ದರೆ ಅವರನ್ನು ಎಳೆದುಕೊಂಡೇ ಹೋಗುತ್ತಿತ್ತು. ಲಗಾಮನ್ನು ಮಣಿಕಟ್ಟಿಗೆ ಸುತ್ತಿಕೊಳ್ಳುವುದೂ ಇದೇ ಜಾತಿಯ ದಡ್ಡತನ. ಬೀಳುವ ಹೊತ್ತಿನಲ್ಲಿ ಸವಾರ ಕುದುರೆಯಿಂದ ಪೂರ್ತಿ ಬಿಡಿಸಿಕೊಂಡು ಬೀಳಬೇಕು.

ಇನ್ನು ಒಂದು ಕೈಯ ವಿಷಯ. ಮೈಸೂರು ದಸರಾದಲ್ಲಿ ಬನ್ನಿಮಂಟಪದ ಪಂಜಿನ ಕವಾಯತು ನೋಡಿದ್ದೀರಲ್ವಾ? ಅಲ್ಲಿ ಪೊಲೀಸ್ ಅಶ್ವದಳದವರು ಟೆಂಟ್ ಪೆಗ್ಗಿಂಗ್ ಮಾಡುತ್ತಾರೆ. ನಾಗಾಲೋಟದಲ್ಲಿ ಬಂದು ನೆಲಕ್ಕೆ ಹೊಡೆದ ಗೂಟವನ್ನು ಈಟಿಯಿಂದ ಕಿತ್ತುಕೊಂಡು ಹೋಗುತ್ತಾರೆ. ಈಟಿ ಬಲಗೈಯಲ್ಲಿ. ಲಗಾಮು? ಎಡಗೈ ಒಂದರಲ್ಲೇ. ಪೋಲೋ ಆಡುವವರೂ ಹಾಗೆಯೇ, ಬಲಗೈಯಲ್ಲಿ ಕೋಲು, ಎಡಗೈಯಲ್ಲಿ ಲಗಾಮು. ಖಡ್ಗ ಹಿಡಿದ ಕುದುರೆ ಸವಾರರು ಯುದ್ಧಕ್ಕೆ ಹೋಗುತ್ತಿದ್ದದ್ದೂ ಒಂದೇ ಕೈಯಲ್ಲಿ ಲಗಾಮು ಹಿಡಿದು. ನಿಮಗೆ ಉಳಿದಿರುವುದು ಎಡಗೈ. ಹಳೆಯ ಸೈನಿಕರು ಲಗಾಮಿಗೆ ಅಂತಲೇ ಇಟ್ಟುಕೊಂಡಿದ್ದ ಕೈ ಅದು.

ಕುದುರೆಯನ್ನು ತಿರುಗಿಸುವುದು ಹೇಗೆ ಅಂತ ಎಲ್ಲರಿಗೂ ಚಿಂತೆ. ನನಗೆ ಅದು ಚಿಂತೆಯೇ ಅಲ್ಲ. ಲಗಾಮಿನ ಎರಡೂ ಪಟ್ಟಿ ಒಂದೇ ಮುಷ್ಟಿಯಲ್ಲಿ, ಮಧ್ಯೆ ಕಿರುಬೆರಳು. ಕೈಯನ್ನು ಒಂದಿಷ್ಟು ಬಲಕ್ಕೆ ತಂದರೆ ಎಡಗಡೆಯ ಪಟ್ಟಿ ಕುತ್ತಿಗೆಗೆ ತಾಗುತ್ತದೆ, ಕಲಿತ ಕುದುರೆ ಆ ಒತ್ತಿನಿಂದ ದೂರ ಸರಿದು ಬಲಕ್ಕೆ ತಿರುಗುತ್ತದೆ. ಉಳಿದದ್ದು ನಿಮ್ಮ ಸೊಂಟ, ಕಾಲು, ನೋಟದ ಕೆಲಸ.

ನಿಜವಾದ ಕಷ್ಟ ಲಗಾಮಿನ ಉದ್ದದಲ್ಲಿದೆ. ಬಾವಿಯಿಂದ ನೀರು ಸೇದಿದ್ದೀರಾ? ಒಂದು ಕೈ ಹಗ್ಗ ಹಿಡಿದಿರುವಾಗ ಇನ್ನೊಂದು ಕೈ ಮುಂದೆ ಹೋಗಿ ಹಿಡಿಯುತ್ತದೆ. ಲಗಾಮನ್ನು ಗಿಡ್ಡ ಮಾಡುವುದೂ ಹಾಗೆಯೇ. ಒಂದೇ ಕೈ ಇದ್ದರೆ ಮುಂದೆ ಹಿಡಿಯಬೇಕಾದ ಆ ಕ್ಷಣ ಹಗ್ಗ ಯಾರ ಕೈಯಲ್ಲೂ ಇರುವುದಿಲ್ಲ. ಕುದುರೆ ತಲೆ ಚಾಚಿತು, ಪಟ್ಟಿ ಜಾರಿತು, ನಿಲ್ಲಿಸೋಣ ಅಂತ ಕೈಯನ್ನು ಎದೆವರೆಗೆ ಎಳೆದರೂ ಬಾಯಿಗೆ ಏನೂ ತಾಗಲಿಲ್ಲ. ಹೊಸಬರು ಗಾಬರಿಯಾಗುವುದು ಇಲ್ಲೇ.

ಇದಕ್ಕೆ ಏಣಿ ಲಗಾಮು ಅಂತ ಇದೆ. ಎರಡು ಪಟ್ಟಿಗಳ ನಡುವೆ ಏಣಿ ಮೆಟ್ಟಿಲಿನ ಹಾಗೆ ಅಡ್ಡಪಟ್ಟಿಗಳು. ಬೆರಳು ಮುಂದಿನ ಮೆಟ್ಟಿಲಿಗೆ ಹೋದರೆ ಎರಡೂ ಪಟ್ಟಿ ಒಟ್ಟಿಗೇ, ಒಂದೇ ಅಳತೆಗೆ ಗಿಡ್ಡವಾಗುತ್ತವೆ. ಅಂಗಡಿಯಲ್ಲಿ ಸಿಗದಿದ್ದರೆ ಚರ್ಮದ ಬ್ಯಾಗ್ ಹೊಲಿಯುವವರ ಹತ್ತಿರ ಹೊಲಿಸಿ. ನಾನು ಮೊದಲನೆಯದನ್ನು ಹಾಗೇ ಮಾಡಿಸಿದ್ದು, ಇನ್ನೂ ಗಟ್ಟಿಯಾಗಿದೆ. ಜೊತೆಗೆ ಕುದುರೆಯ ಕುತ್ತಿಗೆಗೆ ಒಂದು ಹಳೆಯ ರಿಕಾಪಿನ (ಸವಾರ ಕಾಲಿಡುವ ಕೊಂಡಿಯ) ಪಟ್ಟಿ ಹಾಕಿ. ತೂಕ ತಪ್ಪಿದಾಗ ಲಗಾಮನ್ನು ಜಗ್ಗದೆ ಅದನ್ನು ಹಿಡಿಯಿರಿ. ಕುದುರೆ ಬಾಯಿ ನಿಮ್ಮ ಊರುಗೋಲಲ್ಲ.

ಕುದುರೆ ಆರಿಸುವಾಗ ಒಂದು ಪರೀಕ್ಷೆ ಮಾಡಿ. ತರಬೇತುದಾರರಿಗೆ ಬಲಗೈ ಜೇಬಿನಲ್ಲಿ ಇಟ್ಟುಕೊಂಡು ಹತ್ತಲು ಹೇಳಿ. ನಿಮ್ಮೆದುರೇ ಎಂಟರ ಆಕಾರ ಸುತ್ತಲಿ, ನಿಲ್ಲಿಸಲಿ, ನಾಲ್ಕು ಹೆಜ್ಜೆ ಹಿಂದೆ ತರಲಿ. ಆ ಕುದುರೆಯಲ್ಲಿ ಅವರಿಗೇ ಆಗದಿದ್ದರೆ ನಿಮಗೆ ಹೇಗೆ ಆಗುತ್ತದೆ? ರೇಸ್ ಬಿಟ್ಟು ನೇರವಾಗಿ ಬಂದ ಕುದುರೆಯಂತೂ ಬೇಡವೇ ಬೇಡ. ಲಗಾಮು ಬಿಗಿಯಾದರೆ ಅದಕ್ಕೆ ಒರಗಿ ಇನ್ನೂ ಜೋರಾಗಿ ಓಡುವ ಅಭ್ಯಾಸ ಅವಕ್ಕೆ. ವಯಸ್ಸಾದ, ಸ್ವಲ್ಪ ಸೋಮಾರಿ ಕುದುರೆ ನಿಮ್ಮ ಗುರು.

ಜೋತುಬಿದ್ದ ಕೈಯನ್ನು ಹಾಗೇ ಬಿಟ್ಟು ಹತ್ತಬೇಡಿ. ಟ್ರಾಟ್, ಅಂದರೆ ಕುದುರೆಯ ಕುಲುಕು ಓಟ, ಶುರುವಾದ ಕೂಡಲೇ ಅದು ಲೋಲಕದ ಹಾಗೆ ಬಡಿಯುತ್ತದೆ, ಭುಜದ ಕೀಲು ಸಡಿಲವಾಗುತ್ತದೆ. ಮೈಗೆ ಅಂಟಿಕೊಳ್ಳುವ ವೆಲ್ಕ್ರೋ ಸ್ಲಿಂಗ್ ಹಾಕಿ, ಮೇಲೆ ಬಿಗಿಯಾದ ಜಾಕೆಟ್. ಜೀನಿಗೆ ಮಾತ್ರ ಏನನ್ನೂ ಕಟ್ಟಬಾರದು. ಆ ಕೈಗೆ ಸ್ಪರ್ಶ ಗೊತ್ತಾಗದಿದ್ದರೆ ಇಳಿದ ಮೇಲೆ ತೋಳೆತ್ತಿ ನೋಡಿ. ಚರ್ಮ ಉಜ್ಜಿ ಸುಲಿದಿದ್ದರೂ ನಿಮಗೆ ತಿಳಿದಿರುವುದಿಲ್ಲ. ಹತ್ತುವ ಮೊದಲು ಭುಜದ ಬಗ್ಗೆ ನಿಮ್ಮ ಸರ್ಜನ್ ಒಪ್ಪಬೇಕು, ಅದರಲ್ಲಿ ಚೌಕಾಸಿ ಇಲ್ಲ. ಬೀಳುವಾಗ ಎಡಗೈ ಮುಂದೆ ಚಾಚಬೇಡಿ. ಅದೊಂದೇ ಇರುವುದು, ಅದೂ ಮುರಿದರೆ ಊಟಕ್ಕೂ ಇನ್ನೊಬ್ಬರು ಬೇಕು. ಕೈ ಎದೆಗೆ ಒತ್ತಿ ಉರುಳುವುದನ್ನು ಮೊದಲು ಹಾಸಿಗೆ ಮೇಲೆ ಕಲಿಯಿರಿ. ಮನೆಯವರು ನಗಲಿ ಬಿಡಿ.

ಕೊನೆಗೆ ಕುದುರೆಯ ಬೆನ್ನು. ಎಡಗೈ ಸದಾ ಮುಂದಿರುವುದರಿಂದ ನಿಮ್ಮ ಎಡಭುಜವೂ ಮುಂದಕ್ಕೆ ಹೋಗುತ್ತದೆ, ಮೈ ತಿರುಚುತ್ತದೆ, ಜೀನು ಒಂದು ಪಕ್ಕಕ್ಕೆ ಜಾರುತ್ತದೆ. ನಿಮಗೆ ನೆಟ್ಟಗೆ ಕೂತ ಹಾಗೇ ಅನ್ನಿಸುತ್ತಿರುತ್ತದೆ. ಸವಾರಿ ಮುಗಿದು ಜೀನು ಇಳಿಸಿದಾಗ ಬೆವರಿನ ಗುರುತು ನೋಡಿ. ಬೆನ್ನುಮೂಳೆಯ ಎರಡೂ ಕಡೆ ಒಂದೇ ತರಹ ಒದ್ದೆ ಇರಬೇಕು. ಒಂದು ಕಡೆ ಒಣಗಿದ ಮಚ್ಚೆ, ಇನ್ನೊಂದು ಕಡೆ ರೋಮ ಉಜ್ಜಿ ಸುರುಳಿಯಾಗಿದ್ದರೆ ನೀವು ಸೊಟ್ಟಗೆ ಕೂತಿದ್ದೀರಿ. ಕುದುರೆ ನೋಡಿಕೊಳ್ಳುವ ಒಬ್ಬ ಸೈಸ್ ಆ ಗುರುತು ನೋಡಿ, ಸವಾರ ಯಾವ ಕಡೆ ವಾಲಿದ್ದ ಅಂತ ನನಗೆ ಹೇಳುತ್ತಿದ್ದ. ಒಂದು ಸಲವೂ ತಪ್ಪಿದ್ದಿಲ್ಲ.

ಪ್ರಶ್ನೆ: ನನ್ನ ತಮ್ಮನಿಗೂ ಹೀಗೇ ಅಪಘಾತ ಆಗಿ ಮೂರು ತಿಂಗಳು. ಎಣ್ಣೆ ತಿಕ್ಕಿ ನರ ಸರಿಮಾಡುವವರೊಬ್ಬರು ಒಂದು ವರ್ಷ ಕಾಯಿರಿ ಅನ್ನುತ್ತಾರೆ. ಅಷ್ಟರಲ್ಲಿ ಸವಾರಿ ಮಾಡಿಸಲೇ?

ಸವಾರಿಯೂ ಬೇಡ, ಎಣ್ಣೆಯೂ ಬೇಡ. ನರದ ಶಸ್ತ್ರಚಿಕಿತ್ಸೆ ಮಾಡುವ ಕೈ ತಜ್ಞರ ಹತ್ತಿರ ಈ ವಾರವೇ ಹೋಗಿ. ಆಪರೇಷನ್ ಬೇಕಾದರೆ ಮೊದಲ ಆರು ತಿಂಗಳೊಳಗೆ ಆದರೆ ಒಳ್ಳೆಯದು. ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಕೈಯ ನರಗಳು ಹೊರಡುವ ಕುತ್ತಿಗೆಯಿಂದ ಬೆರಳವರೆಗೆ ಎಷ್ಟು ದಿನ ಅಂತ ನೀವೇ ಲೆಕ್ಕ ಹಾಕಿ. ಅಷ್ಟರಲ್ಲಿ ಸ್ನಾಯು ಸೊರಗಿರುತ್ತದೆ. ವರ್ಷ ಕಾಯಿರಿ ಅನ್ನುವವರ ಮೇಲೆ ನನಗೆ ಬರುವ ಕೋಪವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಪ್ರಶ್ನೆ: ಕುದುರೆ ಮೇಲೆ ಕೂರಿಸಿದರೆ ನನ್ನ ಮಗಳ ಕೈಗೆ ಬಲ ಬರುತ್ತದಾ?

ಇಲ್ಲ ತಾಯಿ. ಸೊಂಟ, ಬೆನ್ನು, ಸಮತೋಲನಕ್ಕೆ ಒಳ್ಳೆಯದು. ಕೈ ಬರುತ್ತದೆ ಅಂತ ಹೇಳಿ ದುಡ್ಡು ಕೇಳುವವರಿಂದ ದೂರ ಇರಿ.

ಪ್ರಶ್ನೆ: ಕುದುರೆ ಲಾಳದ ಉಂಗುರ ಹಾಕಿಕೊಂಡರೆ ಬೀಳುವುದಿಲ್ಲವಂತೆ?

ಕುದುರೆ ನಾಲ್ಕು ಲಾಳ ಹಾಕಿಕೊಂಡೂ ಎಡವುತ್ತದೆ.

ಪ್ರಶ್ನೆ: ಬಲಗೈ ಮಾತ್ರ ಇದೆ. ಯಾವ ಕಡೆಯಿಂದ ಹತ್ತಲಿ?

ಬಲಗಡೆಯಿಂದ. ಆದರೆ ಕುದುರೆಗೆ ಅದನ್ನು ಮೊದಲು ಕಲಿಸಿರಬೇಕು, ಎಲ್ಲರೂ ಎಡಗಡೆಯಿಂದಲೇ ಹತ್ತುವುದನ್ನು ಅದು ನೋಡಿರುತ್ತದೆ. ಎತ್ತರದ ಕಟ್ಟೆ ಬಳಸಿ. ಕೈಯಿಂದ ಮೈ ಎಳೆದುಕೊಳ್ಳುವ ಅಗತ್ಯವೇ ಬರಬಾರದು.

ಪ್ರಶ್ನೆ: ಎರಡೂ ಕೈ ಇಲ್ಲದವರು ಲಗಾಮನ್ನು ಬಾಯಲ್ಲಿ ಹಿಡಿದು ಪ್ಯಾರಾಲಿಂಪಿಕ್ಸ್‌ಗೆ ಹೋದ ವಿಡಿಯೋ ನೋಡಿದೆ. ನಾನೂ ಪ್ರಯತ್ನಿಸಲೇ? ನನಗೆ ಒಂದು ಕೈ ಇದೆ.

ನೀವು ನೋಡಿದ್ದು ಜರ್ಮನಿಯ ಬೆಟಿನಾ ಐಸ್ಟೆಲ್ ಇರಬೇಕು. ಹುಟ್ಟಿನಿಂದಲೇ ತೋಳುಗಳಿಲ್ಲ, 2004ರ ಅಥೆನ್ಸ್‌ನಲ್ಲಿ ಸ್ಪರ್ಧಿಸಿದವರು. ಅವರದು ವರ್ಷಗಟ್ಟಲೆಯ ಸಾಧನೆ. ಕೈ ಇರುವ ನೀವು ಹಲ್ಲು ಯಾಕೆ ಕಳೆದುಕೊಳ್ಳುತ್ತೀರಿ? ಸ್ಪರ್ಧೆ ಬಗ್ಗೆ ಕೇಳಿದ್ದಾದರೆ, ಪ್ಯಾರಾಲಿಂಪಿಕ್ಸ್‌ನಲ್ಲಿ ಕುದುರೆ ಸವಾರಿ 1996ರಿಂದ ಇದೆ. ಇರುವುದು ಡ್ರೆಸಾಜ್ ಮಾತ್ರ, ಅಂದರೆ ಕುದುರೆಯನ್ನು ಗೊತ್ತಾದ ನಡೆಗಳಲ್ಲಿ ನಡೆಸಿ ತೋರಿಸುವುದು, ಜಿಗಿತ ಇಲ್ಲ. ಐದು ಗ್ರೇಡ್‌ಗಳಿವೆ, 1ನೆಯದು ಅತಿ ಹೆಚ್ಚು ತೊಂದರೆ ಇರುವವರಿಗೆ, ಅದರಲ್ಲಿ ಬರೀ ವಾಕ್, ಅಂದರೆ ಕುದುರೆಯ ನಡಿಗೆ. ನೀವು ಯಾವುದಕ್ಕೆ ಸೇರುತ್ತೀರಿ ಅಂತ ಪರೀಕ್ಷಿಸಿ ಹೇಳುವವರು ಬೇರೆ ಇದ್ದಾರೆ, ನಾನಲ್ಲ. ಮೊದಲು ವಾಕ್‌ನಲ್ಲಿ 20 ಮೀಟರ್ ಅಗಲದ ಒಂದು ವೃತ್ತವನ್ನು ಮೊಟ್ಟೆಯಾಕಾರ ಆಗದ ಹಾಗೆ ಸುತ್ತಿ, ಎರಡೂ ದಿಕ್ಕಿನಲ್ಲಿ. ಆಮೇಲೆ ನನಗೆ ಬರೆಯಿರಿ.