ಓದುಗರ ಪ್ರಶ್ನೆ: ಮುದ್ರೆ ಇದ್ದರೆ ಸಿಲೂಯೆಟ್ ಅಸಲಿಯೇ?

ಪ್ರಶ್ನೆ: ಫಿಲಡೆಲ್ಫಿಯಾದ ಹಳೆ ಸಾಮಾನಿನ ಅಂಗಡಿಯಲ್ಲಿ ಹೆಂಗಸೊಬ್ಬರ ಸಿಲೂಯೆಟ್ (ಪಕ್ಕದಿಂದ ಕಂಡ ಮುಖದ ನೆರಳುಚಿತ್ರ) ನೋಡಿದೆ. ಬಿಳಿ ಕಾಗದದ ನಡುವಿನಿಂದ ಮುಖ ಕತ್ತರಿಸಿ ತೆಗೆದು ಹಿಂದೆ ಕಪ್ಪು ಬಟ್ಟೆ ಇಟ್ಟಿದ್ದಾರೆ. ಕೆಳಗೆ ‘ಮ್ಯೂಸಿಯಂ’ ಎಂಬ ಉಬ್ಬುಮುದ್ರೆ. ಕೊಳ್ಳಬಹುದೇ? (ನ್ಯೂಜೆರ್ಸಿಯ ಓದುಗರು)

ಉತ್ತರ: ಮುದ್ರೆಯೊಂದನ್ನೇ ನಂಬಿ ದುಡ್ಡು ಕೊಡಬೇಡಿ; ಮುದ್ರೆಗೂ ನಕಲಿ ಉಂಟು. ಅಸಲಿಯಾದರೆ ಅದು ಚಿತ್ರಕಾರ ಚಾರ್ಲ್ಸ್ ವಿಲ್ಸನ್ ಪೀಲ್ ಫಿಲಡೆಲ್ಫಿಯಾದಲ್ಲಿ ನಡೆಸುತ್ತಿದ್ದ ಮ್ಯೂಸಿಯಂನದು. ಅಲ್ಲಿಗೆ 1802ರಲ್ಲಿ ಫಿಸಿಯೊನೊಟ್ರೇಸ್ ಯಂತ್ರ ಬಂತು. ಅದರ ಕಡ್ಡಿ ಮುಖದ ಅಂಚು ಹಿಡಿದು ಸಾಗಿದಂತೆ, ಅದೇ ಗೆರೆ ಚಿಕ್ಕದಾಗಿ ಕಾಗದದ ಮೇಲೆ ಮೂಡುತ್ತಿತ್ತು. ಕಾಗದವನ್ನು ಎರಡು ಸಲ ಮಡಿಸುತ್ತಿದ್ದುದರಿಂದ ಒಂದೇ ಕತ್ತರಿಗೆ ನಾಲ್ಕು ಪ್ರತಿ. ಹಾಗಾಗಿ ಅದೇ ಮುಖ ಬೇರೆಡೆ ಕಂಡರೆ ಗಾಬರಿ ಬೇಡ. ಮಾರುವವರು ‘ಪೀಲ್ ಅವರೇ ಕತ್ತರಿಸಿದ್ದು’ ಎಂದರೆ ಒಪ್ಪಬೇಡಿ. ಅಲ್ಲಿ ಕತ್ತರಿ ಹಿಡಿದು ಹೆಸರಾದವರು ಮೋಸೆಸ್ ವಿಲಿಯಮ್ಸ್. ಪೀಲ್ ಮನೆಯಲ್ಲಿ ಗುಲಾಮರಾಗಿದ್ದು ಬಿಡುಗಡೆ ಪಡೆದವರು. ಮುದ್ರೆಯಲ್ಲಿ ಅವರ ಹೆಸರಿಲ್ಲ ಎಂಬುದೇ ಅವರನ್ನು ನಾವು ಹೆಸರಿಸಲು ಸಾಕಷ್ಟು ಕಾರಣ.

ಚಿತ್ರವನ್ನು ಕಿಟಕಿಯ ಓರೆ ಬೆಳಕಿಗೆ ಹಿಡಿದು 10 ಪಟ್ಟಿನ ಮಸೂರದಲ್ಲಿ ಮೂಗು, ತುಟಿಯ ಅಂಚು ನೋಡಿ. ಕತ್ತರಿಸಿದ ಕಾಗದಕ್ಕೆ ದಪ್ಪವಿರುತ್ತದೆ, ಬಟ್ಟೆಯ ಮೇಲೆ ಸಣ್ಣ ನೆರಳು ಬೀಳುತ್ತದೆ. ಅಂಚು ಚಪ್ಪಟೆಯಾಗಿದ್ದು ಚುಕ್ಕೆಚುಕ್ಕೆ ಕಂಡರೆ ಅದು ಅಚ್ಚು ಹಾಕಿದ ಪ್ರತಿ. ಆಮೇಲೆ ಕತ್ತಲಲ್ಲಿ ಯುವಿ (ಅತಿನೇರಳೆ) ಟಾರ್ಚ್ ಬಿಡಿ. ಕಾಗದ ನೀಲಿ-ಬಿಳಿಯಾಗಿ ಹೊಳೆದರೆ ಅದರಲ್ಲಿ 20ನೇ ಶತಮಾನದ ಬಿಳುಪುಕಾರಕವಿದೆ, ಅಲ್ಲಿಗೆ ಬಿಟ್ಟುಬಿಡಿ. ಹೊಳೆಯದಿದ್ದರೂ ಗೆದ್ದಂತಲ್ಲ, ಹಳೆ ಪುಸ್ತಕಗಳ ಖಾಲಿ ಹಾಳೆಯಲ್ಲಿ ನಕಲಿ ಕತ್ತರಿಸುವವರಿದ್ದಾರೆ. ಚೌಕಟ್ಟು ಬಿಚ್ಚಲು ಅಂಗಡಿಯವರು ಒಪ್ಪಿದರೆ ಬಟ್ಟೆ ನೋಡಿ: ಬೆಳಕು ಬೀಳುವುದು ಕತ್ತರಿಸಿದ ಕಿಂಡಿಯೊಳಗಿಂದ ಮಾತ್ರ, ಆದ್ದರಿಂದ ಹಳೆ ಬಟ್ಟೆ ಹಲವು ಸಲ ಆ ಮುಖದ ಆಕಾರದಲ್ಲೇ ಕಂದಿರುತ್ತದೆ. ಇಡೀ ಬಟ್ಟೆ ಒಂದೇ ಸಮ ಕಡುಗಪ್ಪಾಗಿದ್ದರೆ ಅದನ್ನು ಆಮೇಲೆ ಬದಲಿಸಿರಬಹುದು. ಚಿತ್ರ ಅಷ್ಟಕ್ಕೇ ಸುಳ್ಳಾಗದು, ಬೆಲೆ ಚೌಕಾಸಿ ಮಾಡಿ.

ಪ್ರಶ್ನೆ: ಬಾಸ್ಟನ್ನಿನಿಂದ ತಂದ ಸಿಲೂಯೆಟ್ ಮೇಲೆ ಮಳೆಗಾಲದಲ್ಲಿ ಕಂದು ಚುಕ್ಕೆ ಎದ್ದಿವೆ. ಬ್ಲೀಚ್ ಹಾಕಬಹುದೇ? (ಮಂಗಳೂರಿನ ಓದುಗರು)

ಉತ್ತರ: ಬೇಡವೇ ಬೇಡ, ಕಾಗದದ ನಾರು ಸಡಿಲವಾಗುತ್ತದೆ. ಮೊದಲು ಹಿಂಬದಿಯ ಫೋಟೊ ತೆಗೆಯಿರಿ. 1839ರಿಂದ 1849ರವರೆಗೆ ಅಮೆರಿಕದಲ್ಲಿದ್ದ ಆಗಸ್ಟ್ ಎಡೂವಾರ್ ಅವರಂಥ ಸಿಲೂಯೆಟ್ ಕಲಾವಿದರು ಅಲ್ಲಿ ಹೆಸರು, ಊರು, ತಾರೀಖು ಬರೆಯುತ್ತಿದ್ದರು. ಅಂಥ ಬರಹ ಹೋದರೆ ಚಿತ್ರದ ಗುರುತೇ ಹೋದಂತೆ. ಗಾಜು ಕಾಗದಕ್ಕೆ ತಾಗಿದ್ದರೆ ಅಲ್ಲೇ ತೇವ ನಿಲ್ಲುತ್ತದೆ. ನಡುವೆ ಆಮ್ಲರಹಿತ ಹತ್ತಿಯ ಮ್ಯಾಟ್ (ಕಿಂಡಿ ಕತ್ತರಿಸಿದ ದಪ್ಪ ರಟ್ಟು) ಹಾಕಿಸಿ, ಹಿಂದೆಯೂ ಆಮ್ಲರಹಿತ ರಟ್ಟು ಇರಲಿ. ಚಿತ್ರ ಅಂಟಿಸಲು ಸೆಲೋಟೇಪ್ ಬೇಡ, ಜಪಾನೀ ಕಾಗದದ ಪಟ್ಟಿ, ಗೋಧಿಗಂಜಿಯ ಅಂಟು ಸಾಕು. ಚಿತ್ರದ ಹಿಂದೆ ಸಿಕ್ಕ ಹಳೆಯ ಚೀಟಿಗಳನ್ನು ಕವರಿನಲ್ಲಿಟ್ಟು ಜೊತೆಗೇ ಇರಿಸಿ. ಮಳೆ ಬಡಿಯುವ ಹೊರಗೋಡೆಗೆ ಮಾತ್ರ ತೂಗುಹಾಕಬೇಡಿ. ಈಗಾಗಲೇ ಎದ್ದ ಚುಕ್ಕೆಗಳನ್ನು ತೆಗೆಯುವುದು ಕಾಗದ ಸಂರಕ್ಷಣೆ ಕಲಿತವರ ಕೆಲಸ.